ಚಿತ್ರಕ್ಕೇಕೆ ಕಡತದ ‘ವಿಷಯ’?

ಮುಂಬಯಿಯ ಕಲಾಪ್ರದರ್ಶನವೊಂದರಲ್ಲಿ ವಾಸುದೇವ ಗಾಯತೊಂಡೆಯವರ ಚಿತ್ರದ ಮುಂದೆ ನಿಂತಿದ್ದಾಗ ನಮ್ಮ ಸಂಘದ ಹಿರಿಯರೊಬ್ಬರು, “ಇದರ ಅರ್ಥ ಏನು ಮಾರಾಯ್ರೆ?” ಎಂದರು. ಉತ್ತರಕ್ಕೆ ಕಾಯದೆ, “ನನ್ನ ಮೊಮ್ಮಗನೂ ಹೀಗೆ ಬಳಿಯುತ್ತಾನೆ” ಎಂದು ತೀರ್ಪಿತ್ತು ಚಹಾ ಕುಡಿಯಲು ಹೊರಟರು. ಅವರು ಚಿತ್ರವನ್ನು ನೋಡಿದ್ದು ಅರ್ಧ ನಿಮಿಷ. ತೀರ್ಪು ಮಾತ್ರ ಶಾಶ್ವತ.

ಇದನ್ನು ಮುಗ್ಧತೆಯೆಂದು ಮನ್ನಿಸಲು ನಾನು ಸಿದ್ಧನಿಲ್ಲ. ಇದು ಸೋಮಾರಿತನ. ತೋಡಿ ರಾಗದ ಆಲಾಪನೆಗೆ ಮುಕ್ಕಾಲು ಗಂಟೆ ತಲೆದೂಗುವ ಈ ಹಿರಿಯರು ಅದರ ಅರ್ಥವನ್ನು ಎಂದೂ ಕೇಳಿದವರಲ್ಲ. ಯಕ್ಷಗಾನದ ಬಣ್ಣದ ವೇಷ ಮುಖದ ತುಂಬ ಚುಟ್ಟಿಯಿಟ್ಟು ರಂಗಕ್ಕೆ ಬಂದಾಗ ‘ಇಂಥ ಮುಖ ಯಾರಿಗಿದೆ?’ ಎಂದು ಆಕ್ಷೇಪಿಸಿದವರಲ್ಲ. ಹೊಸ್ತಿಲ ಮುಂದಿನ ರಂಗವಲ್ಲಿ ಯಾವ ವಸ್ತುವಿನ ಪ್ರತಿಕೃತಿಯೆಂದು ಮನೆಯಾಕೆಯನ್ನು ಪ್ರಶ್ನಿಸಿದವರೂ ಅಲ್ಲ. ನಾದದಲ್ಲಿ, ವೇಷದಲ್ಲಿ, ರಂಗವಲ್ಲಿಯಲ್ಲಿ ಒಪ್ಪಿದ್ದನ್ನು ಚೌಕಟ್ಟಿನೊಳಗೆ ಒಪ್ಪೆವೆನ್ನುವುದು ಯಾವ ನ್ಯಾಯ?

ಸರಕಾರಿ ಕಡತಗಳ ನಡುವೆ ಆಯುಷ್ಯ ಸವೆಸಿದ ನನಗೆ ಈ ರೋಗದ ಮೂಲ ಗೊತ್ತು. ಕಡತಕ್ಕೆ ‘ವಿಷಯ’ವೆಂಬ ಸಾಲಿರುತ್ತದೆ, ಅದೊಂದನ್ನು ಓದಿ, ಉಳಿದುದನ್ನು ಓದದೆಯೇ ಟಿಪ್ಪಣಿ ಬರೆಯಬಹುದು. ಚಿತ್ರದಲ್ಲಿಯೂ ನಾವು ಆ ಸಾಲನ್ನೇ ಅರಸುತ್ತೇವೆ. ಗಾಯತೊಂಡೆಯವರು (1924–2001) ತಮ್ಮ ಪ್ರೌಢಕಾಲದ ಕೃತಿಗಳಿಗೆ ಬಹುಮಟ್ಟಿಗೆ ಹೆಸರನ್ನೇ ಇಡಲಿಲ್ಲ. ರೋಲರಿನಿಂದಲೂ ಅಲಗಿನಿಂದಲೂ ಬಣ್ಣವನ್ನು ಪದರಪದರವಾಗಿ ಹಚ್ಚಿ, ಕೆರೆದು, ಒಳಗಿನಿಂದ ಬೆಳಕು ಹೊಮ್ಮುವಂತೆ ಮಾಡಿದವರು ಅವರು. ಆ ಬೆಳಕು ಕಾಣಬೇಕಾದರೆ ಹತ್ತು ನಿಮಿಷ ಸುಮ್ಮನೆ ನಿಲ್ಲಬೇಕು.

ತಪ್ಪು ನೋಡುಗರದು ಮಾತ್ರವಲ್ಲ. ಸರಳವಾಗಿ ಹೇಳಬಹುದಾದುದನ್ನು ಜಟಿಲ ಪರಿಭಾಷೆಯಲ್ಲಿ ಹೂತಿಡುವ ವಿಮರ್ಶಕರು ಜನರನ್ನು ಹೆದರಿಸಿ ಓಡಿಸಿದ್ದಾರೆ. ಪತ್ರಿಕೆಗಳಿಗಂತೂ ಬೆಲೆಯೇ ಕಲೆ. 2025ರಲ್ಲಿ ಎಂ. ಎಫ್. ಹುಸೇನರ ‘ಗ್ರಾಮಯಾತ್ರೆ’ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 118 ಕೋಟಿ ರೂಪಾಯಿಗೆ ಮಾರಾಟವಾದಾಗ, ಆ ಚಿತ್ರದಲ್ಲೇನಿದೆಯೆಂದು ವಿಚಾರಿಸಿದವರಿಗಿಂತ ಸೊನ್ನೆಗಳನ್ನು ಎಣಿಸಿದವರೇ ಹೆಚ್ಚು.

ನಮ್ಮ ಅಭಿಮಾನದ ಕಥೆಯೂ ಇದಕ್ಕಿಂತ ಬೇರೆಯಲ್ಲ. ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಬಂದು ಮುಂಬಯಿಯಲ್ಲೇ ಬಾಳಿದ ಕೆ. ಕೆ. ಹೆಬ್ಬಾರರನ್ನು (1911–1996) ‘ನಮ್ಮವರು’ ಎಂದು ವೇದಿಕೆಯಿಂದ ಸಾರುತ್ತೇವೆ. 1961ರ ಪದ್ಮಶ್ರೀ, 1989ರ ಪದ್ಮಭೂಷಣಗಳನ್ನು ಬಾಯಿಪಾಠ ಒಪ್ಪಿಸುತ್ತೇವೆ. ಗೆರೆಯ ಲಯವನ್ನು ಅರಿಯಲು ಕಥಕ್ ನೃತ್ಯವನ್ನೇ ಅಭ್ಯಸಿಸಿದ ಈ ಕಲಾವಿದರ ಒಂದು ಗೆರೆಯನ್ನಾದರೂ ಕಣ್ಣಾರೆ ಕಂಡವರು ನಮ್ಮಲ್ಲೆಷ್ಟು ಮಂದಿ? ನೋಡದೆ ಪಡುವ ಅಭಿಮಾನ ಬರಿಯ ಜಾತಕಾಭಿಮಾನ.

ಹೊರನಾಡ ಕನ್ನಡಿಗರಾದ ನಮಗೆ ನೆಪ ಹೇಳಲು ಅವಕಾಶವೂ ಇಲ್ಲ. ಮುಂಬಯಿಯವರಿಗೆ 1952ರಿಂದ ಜಹಾಂಗೀರ್ ಆರ್ಟ್ ಗ್ಯಾಲರಿಯಿದೆ. ದೆಹಲಿಯವರಿಗೆ 1954ರಿಂದ ಜಯಪುರ ಹೌಸಿನ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯವಿದೆ. ಚೆನ್ನೈಯವರಿಗೆ 1966ರಲ್ಲಿ ಸ್ಥಾಪನೆಯಾದ ಚೋಳಮಂಡಲ ಕಲಾಗ್ರಾಮವಿದೆ. ರಾಜ್ಯೋತ್ಸವಕ್ಕೆ ನಾಟಕ, ಹಾಸ್ಯಸಂಜೆ, ಪುಷ್ಕಳ ಭೋಜನಗಳನ್ನು ಏರ್ಪಡಿಸುವ ಸಂಘಗಳು ವರ್ಷಕ್ಕೊಂದು ಭಾನುವಾರವನ್ನು ಚಿತ್ರ ನೋಡಲು ಮೀಸಲಿಡಲಾರವೇ? ಅಲ್ಲಿ ಭಾಷಣ ಬೇಡ, ಹಾರತುರಾಯಿ ಬೇಡ. ಒಂದೇ ಚಿತ್ರದ ಮುಂದೆ ಹತ್ತು ನಿಮಿಷ ಮೌನವಾಗಿ ನಿಂತರೆ ಸಾಕು. ಅನಂತರವೂ ಚಿತ್ರ ಹಿಡಿಸದಿದ್ದರೆ ಧಾರಾಳವಾಗಿ ತಿರಸ್ಕರಿಸಿ. ನೋಡಿ ತಿರಸ್ಕರಿಸುವವನನ್ನು ನಾನು ಗೌರವಿಸುತ್ತೇನೆ.

ಆ ಹಿರಿಯರಲ್ಲಿ ನನ್ನದೊಂದು ವಿನಂತಿ: ಬರುವಾಗ ಮೊಮ್ಮಗನನ್ನೂ ಕರೆತನ್ನಿ. ಕಡತ ಓದುವ ಅಭ್ಯಾಸ ಅವನಿಗಿನ್ನೂ ಹತ್ತಿಲ್ಲ.