ಬಿಯರ್ ಮಾಗಲು ತಂಪು ಪೆಟ್ಟಿಗೆ ಸಾಕೆ? ಅಬಕಾರಿ ಲೆಕ್ಕವೂ ಇದೆ

ಬೆಂಗಳೂರು: ಹಳೆ ಅಕ್ಕಿಗೂ ಹಳೆ ಹುಣಸೆಹಣ್ಣಿಗೂ ಹೆಚ್ಚಿನ ಬೆಲೆ ಕಟ್ಟುವ ನಾಡು ನಮ್ಮದು. ಬಿಯರ್ ವಿಷಯದಲ್ಲಿ ಮಾತ್ರ 'ಹಳೆಯದು' ಎಂಬುದು ಬೈಗುಳಕ್ಕೆ ಸಮ. ಬಾಟಲಿಯ ಮೇಲಿನ ದಿನಾಂಕ ನೋಡಿ, ಆರು ತಿಂಗಳು ದಾಟಿದ್ದರೆ ಅಂಗಡಿಗೆ ಮರಳಿಸುವುದು ಬಲ್ಲವರ ರೂಢಿ. ಈ ರೂಢಿಯಲ್ಲಿ ತಪ್ಪೇನೂ ಇಲ್ಲ. ಇಲ್ಲಿ ಮಾರಾಟವಾಗುವ ಬಿಯರ್‌ನ ಬಹುಪಾಲು ತಾಜಾ ಇರುವಾಗಲೇ ಕುಡಿದು ಮುಗಿಸಲೆಂದು ತಯಾರಾದದ್ದು.

ಆದರೆ ವರ್ಷಗಟ್ಟಲೆ ಮುಚ್ಚಿಟ್ಟರೆ ಮಾಗಿ, ರುಚಿ ಬದಲಿಸಿಕೊಳ್ಳುವ ಕೆಲವು ಬಗೆಗಳೂ ಇವೆ. ಇಂಗ್ಲೆಂಡಿನ ಬಾರ್ಲಿ ವೈನ್, ಕಡುಗಪ್ಪು ಬಣ್ಣದ ಇಂಪೀರಿಯಲ್ ಸ್ಟೌಟ್, ಬೆಲ್ಜಿಯಂನ ಟ್ರಾಪಿಸ್ಟ್ ಮಠಗಳ ಗಾಢ ಬಿಯರ್, ಬ್ರಸೆಲ್ಸ್ ಸುತ್ತಮುತ್ತಲಿನ ಹುಳಿಮಿಶ್ರಿತ ಲ್ಯಾಂಬಿಕ್ ಅವುಗಳಲ್ಲಿ ಮುಖ್ಯವಾದವು. ಉದ್ಯೋಗ, ಪ್ರವಾಸಗಳ ನಿಮಿತ್ತ ಹೊರದೇಶ ಕಂಡು ಇವುಗಳ ರುಚಿ ಹತ್ತಿಸಿಕೊಂಡ ನಗರವಾಸಿಯೊಬ್ಬ ಮನೆಯಲ್ಲೇ ತಂಪು ಪೆಟ್ಟಿಗೆ ಇಟ್ಟು ಸಂಗ್ರಹ ಬೆಳೆಸಲು ಹೊರಟರೆ ಎದುರಾಗುವ ಅಡ್ಡಿಗಳು ಎರಡು. ಒಂದು ಬೇಸಿಗೆ, ಮತ್ತೊಂದು ಅಬಕಾರಿ ನಿಯಮ. ಮೊದಲನೆಯದನ್ನು ಒಂದಿಷ್ಟು ಹಣ ಮತ್ತು ಎಚ್ಚರದಿಂದ ಗೆಲ್ಲಬಹುದು. ಎರಡನೆಯದಕ್ಕೆ ಸದ್ಯಕ್ಕೆ ಉಪಾಯವಿಲ್ಲ.

ಬಿಯರ್‌ಗೆ ಶತ್ರುಗಳು ಮೂರು: ಗಾಳಿ, ಬೆಳಕು ಮತ್ತು ಶಾಖ. ಬಾಟಲಿಯೊಳಗೆ ಉಳಿದ ಅಲ್ಪ ಪ್ರಮಾಣದ ಆಮ್ಲಜನಕ ನಿಧಾನವಾಗಿ ಕೆಲಸ ಮಾಡುತ್ತದೆ. ಹಾಪ್ಸ್ ಹೂವಿನ ಕಹಿ, ಪರಿಮಳ ಇಳಿದು ಒದ್ದೆ ರಟ್ಟಿನಂಥ ವಾಸನೆ ಏಳುತ್ತದೆ. ಹಸಿರು ಅಥವಾ ಪಾರದರ್ಶಕ ಗಾಜಿನ ಬಾಟಲಿಗೆ ಬಿಸಿಲು ತಾಕಿದರೆ ಕೆಟ್ಟ ನಾತ ಬರಲು ಕೆಲವೇ ನಿಮಿಷ ಸಾಕು. ಶಾಖವಂತೂ ಎಲ್ಲವನ್ನೂ ಅವಸರಪಡಿಸುವ ಶಕ್ತಿ. ಬಿಯರ್ ಉದ್ಯಮದಲ್ಲಿ ಒಂದು ಸ್ಥೂಲ ಲೆಕ್ಕ ಬಳಕೆಯಲ್ಲಿದೆ. 32 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ: ಮೂರರಿಂದಲೂ ಬಿಯರ್‌ಗೆ ಆಗುವ ಹಾನಿ ಹೆಚ್ಚೂಕಡಿಮೆ ಒಂದೇ.

ಬೆಂಗಳೂರಿನ ಹವೆಗೆ ಈ ಲೆಕ್ಕ ಅನ್ವಯಿಸಿದರೆ ಸಮಸ್ಯೆಯ ಗಾತ್ರ ತಿಳಿಯುತ್ತದೆ. ತಂಪು ನಗರವೆಂಬ ಹೆಸರಿದ್ದರೂ 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ಉಷ್ಣಾಂಶ ದಾಖಲಾಗಿತ್ತು. 2024ರ ಏಪ್ರಿಲ್‌ನಲ್ಲೂ ಪಾದರಸ 38 ಡಿಗ್ರಿ ದಾಟಿತು. ಕಲಬುರಗಿ, ರಾಯಚೂರಿನ ಮಾತು ಹೇಳುವುದೇ ಬೇಡ. ಕಪಾಟಿನ ಮೂಲೆಯಲ್ಲಿಟ್ಟ ಬಾಟಲಿ ಒಂದು ಬೇಸಿಗೆಯಲ್ಲೇ ಮುಪ್ಪಾಗುತ್ತದೆಯೇ ಹೊರತು ಮಾಗುವುದಿಲ್ಲ.

ಹಾಗಿದ್ದರೆ ಎಷ್ಟು ತಂಪು ಬೇಕು? ಯುರೋಪಿನ ನೆಲಮಾಳಿಗೆಗಳ ಅನುಭವದಂತೆ 10ರಿಂದ 13 ಡಿಗ್ರಿ ಹದವಾದದ್ದು. ಅಡುಗೆಮನೆಯ ಫ್ರಿಜ್‌ನ 3-4 ಡಿಗ್ರಿಯಲ್ಲಿ ಬಿಯರ್ ಕೆಡುವುದಿಲ್ಲ. ಆದರೆ ಮಾಗುವ ಕ್ರಿಯೆಯೂ ಹೆಚ್ಚುಕಡಿಮೆ ನಿಂತಂತೆಯೇ. ಅಂಕಿಗಿಂತ ಮುಖ್ಯವಾದದ್ದು ಏರಿಳಿತ ಇಲ್ಲದಿರುವುದು. ಹಗಲು 18, ರಾತ್ರಿ 9 ಎಂದು ಜೋಲಿ ಹೊಡೆಯುವ ಕೋಣೆಗಿಂತ ವರ್ಷವಿಡೀ 15ರಲ್ಲೇ ನಿಂತ ಕೋಣೆ ಲೇಸು.

ಮಾರುಕಟ್ಟೆಯ 'ವೈನ್ ಕೂಲರ್'ಗಳಲ್ಲಿ ಎರಡು ಬಗೆ. ಕಂಪ್ರೆಸರ್ ಇಲ್ಲದೆ ವಿದ್ಯುತ್ ಫಲಕದಿಂದಲೇ ತಂಪು ಮಾಡುವ ಅಗ್ಗದ ಮಾದರಿ ಸದ್ದು ಮಾಡುವುದಿಲ್ಲ, ನೋಡಲೂ ಚೆಂದ. ಆದರೆ ಕೋಣೆಯ ಉಷ್ಣಾಂಶಕ್ಕಿಂತ ಇಂತಿಷ್ಟು ಡಿಗ್ರಿ ಕೆಳಗೆ ಮಾತ್ರ ಇಳಿಯಬಲ್ಲದು. ಕೋಣೆಯೇ 35 ಡಿಗ್ರಿ ಇರುವ ಏಪ್ರಿಲ್ ಮಧ್ಯಾಹ್ನ ಅದು ಸೋಲುತ್ತದೆ. ನಮ್ಮ ಹವೆಗೆ ಕಂಪ್ರೆಸರ್ ಇರುವ ಪೆಟ್ಟಿಗೆಯೇ ಗತಿ. ಅಷ್ಟು ಖರ್ಚು ಬೇಡವೆನ್ನುವವರಿಗೆ ಬಳಸಿಬಿಟ್ಟ ಸಿಂಗಲ್ ಡೋರ್ ಫ್ರಿಜ್ ಸಾಕು. ಅದಕ್ಕೆ ಹೊರಗಿನಿಂದ ಉಷ್ಣಾಂಶ ನಿಯಂತ್ರಕವೊಂದನ್ನು ಜೋಡಿಸಿ 12 ಡಿಗ್ರಿಗೆ ಹೊಂದಿಸಿದರೆ, ಒಳಗಿನ ಉಷ್ಣಾಂಶ ಮಿತಿ ದಾಟಿದಾಗಲಷ್ಟೇ ಫ್ರಿಜ್‌ಗೆ ವಿದ್ಯುತ್ ಹರಿಯುತ್ತದೆ. ಉಷ್ಣಾಂಶ ಅಳೆಯುವ ತಂತಿಯ ತುದಿಯನ್ನು ಗಾಳಿಯಲ್ಲಿ ತೂಗುಬಿಡದೆ ನೀರು ತುಂಬಿದ ಬಾಟಲಿಯೊಳಗೆ ಇಳಿಸಬೇಕು. ಇಲ್ಲವಾದರೆ ಬಾಗಿಲು ತೆರೆದಾಗಲೆಲ್ಲ ಕಂಪ್ರೆಸರ್ ಎದ್ದು ಓಡಿ, ಬೇಗ ಕೆಡುತ್ತದೆ. ವೋಲ್ಟೇಜ್ ಏರುಪೇರಿನ ಬಡಾವಣೆಗಳಲ್ಲಿ ಸ್ಟೆಬಿಲೈಸರ್ ಕಡ್ಡಾಯ. ಬಾಟಲಿಗಳನ್ನು ಮಲಗಿಸದೆ ನಿಲ್ಲಿಸಿದರೆ ಯೀಸ್ಟ್ ಗಸಿ ತಳದಲ್ಲೇ ಉಳಿಯುತ್ತದೆ. ಮುಚ್ಚಿದ ಪೆಟ್ಟಿಗೆಯ ತೇವಕ್ಕೆ ಲೇಬಲ್‌ಗೆ ಬೂಷ್ಟು, ಮುಚ್ಚಳಕ್ಕೆ ತುಕ್ಕು ಹಿಡಿಯುವುದುಂಟು. ಸಿಲಿಕಾ ಜೆಲ್‌ನ ನಾಲ್ಕು ಪೊಟ್ಟಣ ಇಟ್ಟು ಆಗಾಗ ಬದಲಿಸಿದರೆ ಆಯಿತು.

ಇಷ್ಟೆಲ್ಲ ಮಾಡಿಯೂ ಪೂರ್ತಿ ಯಂತ್ರವನ್ನೇ ನಂಬಿ ಕೂರುವಂತಿಲ್ಲ ಎಂಬುದಕ್ಕೆ ಬೆಲ್ಜಿಯಂನಲ್ಲಿ 2009ರ ಮೇ ತಿಂಗಳಲ್ಲಿ ನಡೆದ ಅವಘಡವೇ ಸಾಕ್ಷಿ. ಬ್ರಸೆಲ್ಸ್ ಸಮೀಪದ ಬೀರ್ಸೆಲ್ ಊರಿನ ಡ್ರಿ ಫಾಂಟೈನೆನ್ ಬೇರೆಬೇರೆ ವಯಸ್ಸಿನ ಲ್ಯಾಂಬಿಕ್‌ಗಳನ್ನು ಬೆರೆಸಿ 'ಗೂಜ್' ಎಂಬ ಬಿಯರ್ ತಯಾರಿಸುವ ಹೆಸರಾಂತ ಮನೆ. ಬಾಟಲಿಗೆ ತುಂಬಿದ ಬಿಯರ್ ಮತ್ತೊಮ್ಮೆ ಹುದುಗಲೆಂದು ಅದನ್ನು ಕೆಲಕಾಲ ಬೆಚ್ಚಗಿನ ಕೋಣೆಯಲ್ಲಿ ಇಡುತ್ತಾರೆ. ಆ ಕೋಣೆಯ ಥರ್ಮೋಸ್ಟಾಟ್ ಕೆಟ್ಟು, ಹೀಟರ್ ನಿಲ್ಲದೆ ಉರಿಯಿತು. ಉಷ್ಣಾಂಶ 60 ಡಿಗ್ರಿಯ ಆಸುಪಾಸಿಗೆ ಏರಿತು. ಸಾವಿರಾರು ಬಾಟಲಿಗಳು ಸಿಡಿದವು. ಸಿಡಿಯದೆ ಉಳಿದವು ಹತ್ತಾರು ಸಾವಿರ ಇದ್ದರೂ ಅವುಗಳೊಳಗಿನ ಬಿಯರ್ ಬೆಂದುಹೋಗಿತ್ತು. ವರ್ಷಗಳ ದುಡಿಮೆ ಮಣ್ಣುಪಾಲಾಗಿ, ಮನೆತನದ ಉದ್ಯಮವೇ ಮುಚ್ಚುವ ಸ್ಥಿತಿ ಬಂತು. ಒಡೆಯ ಅರ್ಮಾಂಡ್ ಡೆಬೆಲ್ಡರ್ ಹಾಳಾದ ಬಿಯರನ್ನು ಭಟ್ಟಿ ಇಳಿಸಿ, ತಮ್ಮದೇ ಹೆಸರಿನ ಮದ್ಯವಾಗಿ ಮಾರಿ ಚೇತರಿಸಿಕೊಂಡರು. ಅವರು 2022ರಲ್ಲಿ ನಿಧನರಾದರು, ಉದ್ಯಮ ಉಳಿದಿದೆ. ನಿಯಂತ್ರಿಸುವ ಸಾಧನವನ್ನೇ ಸಾಕ್ಷಿಯಾಗಿಯೂ ನಂಬಿದರೆ ಏನಾದೀತೆಂದು ಈ ಪ್ರಕರಣ ತೋರಿಸಿಕೊಟ್ಟಿತು. ಗರಿಷ್ಠ-ಕನಿಷ್ಠ ಉಷ್ಣಾಂಶ ನೆನಪಿಡುವ, ನಿಯಂತ್ರಕಕ್ಕೆ ಸಂಬಂಧವಿಲ್ಲದ ಇನ್ನೊಂದು ಥರ್ಮಾಮೀಟರ್ ಒಳಗಿಡುವುದು ಮನೆಯ ಪೆಟ್ಟಿಗೆಗೂ ಒಳ್ಳೆಯದು.

ಲ್ಯಾಂಬಿಕ್ ತಯಾರಕರಿಗೆ ಈಗ ಯಂತ್ರಕ್ಕಿಂತ ಹವೆಯದೇ ಚಿಂತೆ. ಕುದಿಸಿದ ರಸವನ್ನು ತೆರೆದ ತೊಟ್ಟಿಯಲ್ಲಿ ರಾತ್ರಿಯಿಡೀ ಆರಲು ಬಿಟ್ಟು, ಗಾಳಿಯಲ್ಲಿರುವ ಯೀಸ್ಟ್‌ನಿಂದಲೇ ಹುದುಗಿಸುವ ಪದ್ಧತಿ ಅವರದು. ರಾತ್ರಿ ತಂಪಿರದಿದ್ದರೆ ಬೇಡದ ಜೀವಾಣುಗಳು ಸೇರಿಕೊಳ್ಳುತ್ತವೆ. 2015ರ ನವೆಂಬರ್‌ನಲ್ಲಿ ರಾತ್ರಿಗಳು ತೀರಾ ಬೆಚ್ಚಗಿದ್ದ ಕಾರಣ ಬ್ರಸೆಲ್ಸ್‌ನ ಕ್ಯಾಂಟಿಲನ್ ತಯಾರಿಕೆಯನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಬಿಯರ್‌ನ ತವರೇ ಬಿಸಿಯಾಗುತ್ತಿದೆ.

ಇನ್ನು ನಮ್ಮಲ್ಲಿ ಮಾಗಿಸಲು ಯೋಗ್ಯವಾದ ಬಿಯರ್ ಸಿಗುವುದಾದರೂ ಎಲ್ಲಿ? ಸಾಮಾನ್ಯವಾಗಿ ಶೇ 8ಕ್ಕಿಂತ ಹೆಚ್ಚು ಮದ್ಯಸಾರ ಇರುವ, ಮಾಲ್ಟ್ ದಟ್ಟವಾಗಿರುವ ಬಿಯರ್ ಮಾತ್ರ ಹಲವು ವರ್ಷ ಬಾಳುತ್ತದೆ. ಲ್ಯಾಂಬಿಕ್‌ಗೆ ಅದರ ಹುಳಿಯೇ ರಕ್ಷೆ. ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರವು 2019ರ ಏಪ್ರಿಲ್‌ನಿಂದ ಜಾರಿಗೆ ತಂದ ಮಾನದಂಡದಲ್ಲಿ 'ಸ್ಟ್ರಾಂಗ್' ಬಿಯರ್ ಎಂದರೆ ಶೇ 5ರಿಂದ 8. ಸೋಸಿ, ಪಾಶ್ಚೀಕರಿಸಿ ಬರುವ ಇಲ್ಲಿನ ಸ್ಟ್ರಾಂಗ್ ಬಾಟಲಿಯನ್ನು ಐದು ವರ್ಷ ತಂಪಾಗಿಟ್ಟರೂ ಸಿಗುವುದು ಸಪ್ಪೆ ನೀರು. ನಗರದ ಮೈಕ್ರೊಬ್ರೂವರಿಗಳ ಬಿಯರ್ ಕತೆಯೂ ಬೇರೆಯಲ್ಲ. ಅದು ಅಲ್ಲಿಯೇ ತಯಾರಾಗಿ ಅಲ್ಲಿಯೇ ಖಾಲಿಯಾಗಬೇಕಾದದ್ದು. 2020ರ ಲಾಕ್‌ಡೌನ್ ಕಾಲದಲ್ಲಿ ತೊಟ್ಟಿಗಳಲ್ಲೇ ಉಳಿದ ಬಿಯರ್ ಕೆಡುವ ಭೀತಿ ಎದುರಾದಾಗ ರಾಜ್ಯ ಸರ್ಕಾರ ಪಾರ್ಸಲ್ ಮಾರಾಟಕ್ಕೆ ತಾತ್ಕಾಲಿಕ ಅನುಮತಿ ನೀಡಿತ್ತು.

ಹೀಗಾಗಿ ಸಂಗ್ರಾಹಕನಿಗೆ ಉಳಿಯುವ ಮುಖ್ಯ ದಾರಿ ವಿಮಾನದ ಸೂಟ್‌ಕೇಸ್. ವಿದೇಶದಿಂದ ಬರುವ ಪ್ರಯಾಣಿಕ ಸುಂಕವಿಲ್ಲದೆ ತರಬಹುದಾದ ಮದ್ಯ 2 ಲೀಟರ್. 330 ಮಿಲಿ ಲೀಟರ್‌ನ ಸಣ್ಣ ಬಾಟಲಿಯಾದರೆ ಒಂದು ಪ್ರವಾಸಕ್ಕೆ ಆರು.

ತಂದದ್ದನ್ನು ಎಷ್ಟು ಇಟ್ಟುಕೊಳ್ಳಬಹುದು ಎಂಬಲ್ಲಿಗೆ ಅಬಕಾರಿ ನಿಯಮ ಅಡ್ಡ ಬರುತ್ತದೆ. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ವ್ಯಕ್ತಿಯೊಬ್ಬ ಹೊಂದಬಹುದಾದ ಬಿಯರ್ ಸುಮಾರು 18 ಲೀಟರ್. 650 ಮಿಲಿ ಲೀಟರ್‌ನ ದೊಡ್ಡ ಬಾಟಲಿ ಲೆಕ್ಕದಲ್ಲಿ 28ರಷ್ಟು. ಈ ಮಿತಿ ಜನರ ಗಮನಕ್ಕೆ ಬಂದದ್ದು 2020ರ ಮೇ ತಿಂಗಳಲ್ಲಿ. ಲಾಕ್‌ಡೌನ್ ಸಡಿಲಿಸಿ ಮದ್ಯದಂಗಡಿ ತೆರೆದ ದಿನ ಬೆಂಗಳೂರಿನ ಅಂಗಡಿಯೊಂದರ 52,841 ರೂಪಾಯಿಯ ಬಿಲ್ ಮೊಬೈಲ್‌ಗಳಲ್ಲಿ ಹರಿದಾಡಿತು. ಅದರಲ್ಲಿ 35 ಲೀಟರ್ ಬಿಯರ್ ಇತ್ತು. ಎಂಟು ಮಂದಿ ಸೇರಿ ಕೊಂಡು ಒಂದೇ ಕಾರ್ಡಿನಲ್ಲಿ ಹಣ ಪಾವತಿಸಿದರೆಂದು ಅಂಗಡಿಯವರು ಸಮಜಾಯಿಷಿ ನೀಡಿದರೂ ಇಲಾಖೆ ಪ್ರಕರಣ ದಾಖಲಿಸಿತು.

ಈ ಮಿತಿಯ ಉದ್ದೇಶ ಅರ್ಥವಾಗದ್ದೇನಲ್ಲ. ಹಳ್ಳಿಗಳ ಕಿರಾಣಿ ಅಂಗಡಿಗಳಲ್ಲಿ, ಹೆದ್ದಾರಿ ಡಾಬಾಗಳಲ್ಲಿ ನಡೆಯುವ ಅಕ್ರಮ ಮಾರಾಟ ತಡೆಯಲು ಇಲಾಖೆಗೆ ಇದೊಂದೇ ಸುಲಭದ ಅಸ್ತ್ರ. ಮಾರಲು ಕೂಡಿಟ್ಟವನಿಗೂ ಮಾಗಲು ಕೂಡಿಟ್ಟವನಿಗೂ ನಿಯಮ ವ್ಯತ್ಯಾಸ ಮಾಡುವುದಿಲ್ಲ ಎಂಬುದೇ ತಕರಾರು. ದೆಹಲಿಯ ಪ್ರಕರಣವೊಂದು ಇಲ್ಲಿ ಉಲ್ಲೇಖಾರ್ಹ. ಅಲ್ಲಿನ ಮನೆಯೊಂದರಲ್ಲಿ 132 ಬಾಟಲಿ ಸಿಕ್ಕಿತೆಂದು ಎಫ್‌ಐಆರ್ ದಾಖಲಾಗಿತ್ತು. ಅದರಲ್ಲಿ ಬಿಯರ್ ಮತ್ತು ವೈನ್ 55.4 ಲೀಟರ್. ಅಲ್ಲಿ 25 ವರ್ಷ ಮೀರಿದ ವ್ಯಕ್ತಿಗೆ ಬಿಯರ್, ವೈನ್ ಮಿತಿ 18 ಲೀಟರ್. ಕೂಡು ಕುಟುಂಬದಲ್ಲಿ ಆ ವಯಸ್ಸು ಮೀರಿದ ಆರು ಮಂದಿ ಇದ್ದುದರಿಂದ ಮಿತಿ ಉಲ್ಲಂಘನೆ ಆಗಿಲ್ಲವೆಂದು ಹೈಕೋರ್ಟ್ 2022ರಲ್ಲಿ ಎಫ್‌ಐಆರ್ ರದ್ದುಪಡಿಸಿತು. ಕೂಡು ಕುಟುಂಬ ಇದ್ದವರು ಬಚಾವಾದರು; ಒಂಟಿ ವಾಸಿಯಾಗಿದ್ದರೆ ಗತಿ ಬೇರೆಯೇ ಆಗುತ್ತಿತ್ತು.

ಉತ್ತರ ಪ್ರದೇಶ 2021ರಲ್ಲಿ ಬೇರೆ ದಾರಿ ಹಿಡಿಯಿತು. ವರ್ಷಕ್ಕೆ 12,000 ರೂಪಾಯಿ ಶುಲ್ಕ, 51,000 ರೂಪಾಯಿ ಠೇವಣಿ ಕಟ್ಟಿದರೆ ಮನೆಯಲ್ಲಿ ಹೆಚ್ಚು ಮದ್ಯ ಇಡಲು ಪರವಾನಗಿ ನೀಡುವ ನೀತಿ ತಂದಿತು. ಉತ್ತರಾಖಂಡ 2023ರಲ್ಲಿ ಅದೇ ಹಾದಿಯಲ್ಲಿ ಹೊರಟು, ವಿರೋಧ ಎದ್ದಾಗ ತಡೆಹಿಡಿಯಿತು. ಮನೆಮನೆಯಲ್ಲಿ ಬಾರ್ ತೆರೆಸುತ್ತೀರಾ ಎಂಬ ಪ್ರಶ್ನೆಗೆ ಉತ್ತರಿಸಲು ಯಾವ ಸರ್ಕಾರಕ್ಕೂ ಧೈರ್ಯ ಸಾಲದು. ಕರ್ನಾಟಕ ವೈನ್‌ಗಾಗಿ 2007ರಲ್ಲೇ ಪ್ರತ್ಯೇಕ ನೀತಿ ರೂಪಿಸಿತು. ಅದರ ಹಿಂದೆ ದ್ರಾಕ್ಷಿ ಬೆಳೆಗಾರರಿದ್ದರು. ಬಿಯರ್ ಹಿಂದೆ ಅಂಥ ಬಲವಿಲ್ಲ. ಅದು ಸರ್ಕಾರದ ಕಣ್ಣಿಗೆ ಬೀಳುವುದು ಬೊಕ್ಕಸ ತುಂಬುವಾಗ ಮಾತ್ರ: 2023ರ ಜುಲೈ ಬಜೆಟ್‌ನಲ್ಲಿ ಹೆಚ್ಚುವರಿ ಅಬಕಾರಿ ಸುಂಕ ಶೇ 175ರಿಂದ 185ಕ್ಕೆ ಏರಿತು, 2025ರಲ್ಲಿ ಮತ್ತೆ ಏರಿತು.

ಮಿತಿ ತೆಗೆದುಹಾಕಬೇಕೆಂದು ಯಾರೂ ಕೇಳಬೇಕಿಲ್ಲ. ಹೆಸರು, ವಿಳಾಸ, ಬಾಟಲಿ ಪಟ್ಟಿ ಸಲ್ಲಿಸಿ ಅಲ್ಪ ಶುಲ್ಕಕ್ಕೆ ನೋಂದಾಯಿಸಿಕೊಳ್ಳುವ ಅವಕಾಶ ಕೊಟ್ಟರೆ ಇಲಾಖೆಗೆ ಲೆಕ್ಕವೂ ಸಿಗುತ್ತದೆ, ಸಂಗ್ರಾಹಕನ ಅಳುಕೂ ತಪ್ಪುತ್ತದೆ. ಅಲ್ಲಿಯವರೆಗೆ ಲೆಕ್ಕ ಹೀಗಿದೆ: ವರ್ಷಕ್ಕೆ ಎರಡು ಬಾರಿ ಹೊರದೇಶಕ್ಕೆ ಹೋಗಿ ಬರುವವನು ತಲಾ ಆರರಂತೆ 12 ಸಣ್ಣ ಬಾಟಲಿ ತಂದು, ಒಂದನ್ನೂ ತೆರೆಯದೆ 12 ಡಿಗ್ರಿಯಲ್ಲಿ ಜೋಪಾನವಾಗಿಟ್ಟರೆ ನಾಲ್ಕನೇ ವರ್ಷದ ಕೊನೆಗೆ ಅವನಲ್ಲಿ 15.8 ಲೀಟರ್ ಇರುತ್ತದೆ. ಐದನೇ ವರ್ಷ, ಮೊದಲು ತಂದ ಬಾಟಲಿ ಹದಕ್ಕೆ ಬರುವ ಹೊತ್ತಿಗೆ, ಅದು 19.8 ಲೀಟರ್ ಆಗಿ ಮಿತಿ ಮೀರಿರುತ್ತದೆ.