ಕಬ್ಬಿಗೆ ದರ ಕೇಳ್ತೀವಿ, ನೌಕರಿಗೆ ಯಾಕೆ ಕೇಳಬಾರದು?

ಪಗಾರ ಎಷ್ಟು ಅಂತ ಹೇಳದೆ ಯಾರನ್ನೂ ಇಂಟರ್‌ವ್ಯೂಗೆ ಕರೆಯಬಾರದು. ನಮ್ಮ ಮಾತು ಇಷ್ಟೇ. ಆದರೆ ನಗರದ ಮಾಲ್‌ಗಳು, ಬಟ್ಟೆ ಶೋರೂಮ್‌ಗಳು, ದೊಡ್ಡ ಕಿರಾಣಿ ಬಜಾರ್‌ಗಳು ಇಷ್ಟನ್ನೂ ಮಾಡುವುದಿಲ್ಲ. ನಿಮ್ಮ ಊರಿನ ವಾಟ್ಸಾಪ್ ಗ್ರೂಪಿಗೆ ಬರುವ ಜಾಹೀರಾತು ನೋಡಿ: 'ಸ್ಟೋರ್ ಮ್ಯಾನೇಜರ್ ಬೇಕಾಗಿದ್ದಾರೆ. ಯಾವುದೇ ಡಿಗ್ರಿ. ಆಕರ್ಷಕ ವೇತನ.' ಆಕರ್ಷಕ ಅಂದರೆ ಹನ್ನೆರಡು ಸಾವಿರವೋ, ಇಪ್ಪತ್ತೈದು ಸಾವಿರವೋ? ಅದನ್ನು ಮಾತ್ರ ಬರೆದಿರುವುದಿಲ್ಲ.

ಇಂಥದೇ ಒಂದು ಜಾಹೀರಾತು ನೋಡಿ ನಮ್ಮ ಬಳಗದ ನಾವಿಬ್ಬರು ತುಬಚಿಯಿಂದ ಜಮಖಂಡಿಗೆ, ಅಲ್ಲಿಂದ ಹುಬ್ಬಳ್ಳಿಗೆ ಹೋದೆವು. ಕಂಪನಿಯ ಹೆಸರು ಬೇಡ. ರೋಗ ಅದೊಂದರದ್ದೇ ಅಲ್ಲ. ಹತ್ತು ಗಂಟೆಗೆ ಬರಲು ಹೇಳಿದವರು ಒಳಗೆ ಕರೆದದ್ದು ಮಧ್ಯಾಹ್ನ ಮೂರಕ್ಕೆ. ಇಂಗ್ಲಿಷಿನಲ್ಲಿ ಪರಿಚಯ ಹೇಳಿಸಿದರು. ಅಪ್ಪ ಏನು ಮಾಡ್ತಾರೆ, ಹೊಲ ಎಷ್ಟಿದೆ ಅಂತ ಕೇಳಿದರು. ರವಿವಾರ, ಹಬ್ಬದ ದಿನ ರಾತ್ರಿ ಹತ್ತರವರೆಗೂ ನಿಲ್ತೀರಾ ಅಂದರು. ಎಲ್ಲಕ್ಕೂ ಉತ್ತರ ಕೊಟ್ಟೆವು. ಕೊನೆಗೆ ನಮ್ಮದೂ ಒಂದು ಪ್ರಶ್ನೆ ಕೇಳಿದೆವು: "ಸರ್, ಪಗಾರ ಎಷ್ಟರೀ?"

"ಈಗ್ಲೇ ರೊಕ್ಕದ ಮಾತಾ? ಮೊದಲು ಕಲಿಯೋ ಮನಸ್ಸಿರಬೇಕು" ಅಂದರು. ಮತ್ತೆ ಕೇಳಿದಾಗ ನಿಜ ಹೊರಬಿತ್ತು. ಮ್ಯಾನೇಜರ್ ಹುದ್ದೆ ಒಂದು ವರ್ಷದ ಮೇಲೆ, ಅದೂ ಟಾರ್ಗೆಟ್ ಮುಟ್ಟಿದರೆ. ಈಗಿರುವುದು ಗಿರಾಕಿಗಳಿಗೆ ಸಾಮಾನು ತೋರಿಸುವ ಕೆಲಸ. ಪಗಾರ "ಆಮೇಲೆ ಎಚ್‌ಆರ್‌ನವರು ಹೇಳ್ತಾರೆ, ಫೋನ್ ಮಾಡ್ತೀವಿ." ಫೋನ್ ಬರಲಿಲ್ಲ. ಒಂದು ದಿನ ಹೋಯಿತು, ಬಸ್ ಚಾರ್ಜ್ ಹೋಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚು ಉಳಿದಿದೆ, ನಿಜ. ಹಾಳಾದ ದಿನವನ್ನು ಯಾವ ಯೋಜನೆಯೂ ವಾಪಸು ಕೊಡುವುದಿಲ್ಲ.

ಅದೇ ಅಂಗಡಿಯ ಒಂದು ಉಪ್ಪಿನ ಪಾಕೀಟು ಎತ್ತಿ ನೋಡಿ. ತೂಕ ಎಷ್ಟು, ಎಂಆರ್‌ಪಿ ಎಷ್ಟು, ಯಾವಾಗ ತಯಾರಾಯಿತು, ಎಲ್ಲ ಅಚ್ಚಾಗಿದೆ. 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ಅದು ಕಡ್ಡಾಯ. ಬೆಲೆ ಮುಚ್ಚಿಟ್ಟು ಉಪ್ಪು ಮಾರುವ ಹಾಗಿಲ್ಲ. ಆದರೆ ಆ ಉಪ್ಪನ್ನು ಮಾರಲು ಬೇಕಾದ ಮನುಷ್ಯನಿಗೆ ಎಷ್ಟು ಕೊಡುತ್ತೇವೆ ಅಂತ ಮುಚ್ಚಿಟ್ಟು ಅವನನ್ನು ಊರಿಂದ ಊರಿಗೆ ಓಡಾಡಿಸಬಹುದು!

ನಮ್ಮ ಸೀಮೆಯವರಿಗೆ ದರದ ಮಾತು ಹೊಸದಲ್ಲ. ದರ ಘೋಷಿಸದೆ ಕಬ್ಬು ನುರಿಸಬೇಡಿ ಅಂತ ನಮ್ಮ ಅಪ್ಪ, ಕಾಕಾಗಳು ಎಷ್ಟು ವರ್ಷ ರಸ್ತೆಯಲ್ಲಿ ಕೂತಿಲ್ಲ? 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ, ಮುಧೋಳದಲ್ಲಿ ರೈತರು ಹೋರಾಡಿದ್ದು ಇದಕ್ಕೇ. ಸರ್ಕಾರ ಟನ್‌ಗೆ 3,300 ರೂಪಾಯಿ ಅಂತ ಬಾಯಿ ಬಿಡಬೇಕಾಯಿತು. ಬನಹಟ್ಟಿಯ ನೇಕಾರರು ಸೀರೆಗೆ ಮಜೂರಿ ಎಷ್ಟು ಅಂತ ತಿಳಿದೇ ಮಗ್ಗಕ್ಕೆ ಕೂರುತ್ತಾರೆ. ಹೊಲದ ಕೂಲಿಗೆ ಕರೆಯಲು ಬಂದವರನ್ನೂ ನಮ್ಮ ಅವ್ವಂದಿರು ಮೊದಲು ಕೇಳುವುದು 'ಪಗಾರ ಎಷ್ಟು ಕೊಡ್ತೀ?' ಅಂತಲೇ. ಡಿಗ್ರಿ ಓದಿದ ನಾವು ಮಾತ್ರ ಅದನ್ನು ಕೇಳಿದರೆ ದುರಾಸೆಯವರೇ?

'ಅಭ್ಯರ್ಥಿಯ ಯೋಗ್ಯತೆ ನೋಡಿ ಪಗಾರ ಹೇಳ್ತೀವಿ' ಅನ್ನುವುದು ಕಂಪನಿಗಳ ಉತ್ತರ. ಆಗಲಿ. ಕಡಿಮೆ ಅಂದರೆ ಎಷ್ಟು, ಹೆಚ್ಚು ಅಂದರೆ ಎಷ್ಟು ಅಂತ ಎರಡು ಅಂಕಿ ಬರೆಯಲು ಏನು ಅಡ್ಡಿ? 2024ರ ಗ್ರಾಮ ಆಡಳಿತ ಅಧಿಕಾರಿ ನೇಮಕಾತಿಯಲ್ಲಿ 21,400ರಿಂದ 42,000 ಅಂತ ವೇತನ ಶ್ರೇಣಿ ಮೊದಲೇ ಗೊತ್ತಿತ್ತು. ಹಳ್ಳಿ ಹುಡುಗರು ಬರೀ ಸರ್ಕಾರಿ ನೌಕರಿಗೆ ಬೀಳ್ತಾರೆ ಅಂತ ದೂರುವವರು ಇದನ್ನೂ ಸ್ವಲ್ಪ ಯೋಚಿಸಲಿ. ಐರೋಪ್ಯ ಒಕ್ಕೂಟ 2023ರಲ್ಲಿ ತಂದ ನಿಯಮವೂ ಇದನ್ನೇ ಹೇಳುತ್ತದೆ: ಇಂಟರ್‌ವ್ಯೂಗೆ ಮೊದಲೇ ಪಗಾರ ತಿಳಿಸಬೇಕು, ಹಿಂದಿನ ಕೆಲಸದ ಪಗಾರ ಕೇಳಬಾರದು.

ಮುಚ್ಚಿಡುವುದರಲ್ಲಿ ಲಾಭವಿದೆ, ಅದಕ್ಕೇ ಮುಚ್ಚಿಡುತ್ತಾರೆ. ದೂರದಿಂದ ಬಂದು ದಿನವಿಡೀ ಕಾದವರು 'ಬಂದದ್ದಾಯ್ತು, ಇರಲಿ' ಅಂತ ಕಡಿಮೆ ಪಗಾರಕ್ಕೂ ಒಪ್ಪುತ್ತಾರೆ. ಒಂದೇ ಕೆಲಸಕ್ಕೆ ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಕೊಟ್ಟರೂ ಗೊತ್ತಾಗುವುದಿಲ್ಲ. ಅದೇ ಅಂಕಿ ಮೊದಲೇ ತಿಳಿದರೆ, ರೂಮ್ ಬಾಡಿಗೆ ಎಷ್ಟು, ಖಾನಾವಳಿಗೆ ಎಷ್ಟು, ಮನೆಗೆ ಎಷ್ಟು ಕಳಿಸಬಹುದು ಅಂತ ಊರಿನ ಕಟ್ಟೆಯ ಮೇಲೇ ಲೆಕ್ಕ ಹಾಕಬಹುದು. ಹೋಗಬೇಕೋ ಬೇಡವೋ ಅಂತ ತೀರ್ಮಾನಿಸಬಹುದು.

ಕಾನೂನು ಇಲ್ಲವೆಂದಲ್ಲ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ವಾರಕ್ಕೆ 48 ಗಂಟೆಯ ಮಿತಿ, ವಾರಕ್ಕೊಂದು ರಜೆ, ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿ ಇದೆ. ಸೇರಿದ 30 ದಿನದೊಳಗೆ ಪಗಾರ ನಮೂದಿಸಿದ ನೇಮಕಾತಿ ಆದೇಶ ಕೊಡಬೇಕು ಅಂತಲೂ ಇದೆ. ಆದರೆ ಇದೆಲ್ಲ ಸೇರಿದ ಮೇಲಿನ ಮಾತು. ನಾವು ಕೇಳುತ್ತಿರುವುದು ಬಸ್ ಹತ್ತುವ ಮೊದಲಿನ ಮಾತು. ಪಗಾರ, ದುಡಿಮೆಯ ಅವಧಿ, ಕೆಲಸದ ಊರು, ಈಗಲೇ ಸಿಗುವ ಹುದ್ದೆ ಇವು ನಾಲ್ಕೂ ಜಾಹೀರಾತಿನಲ್ಲೇ ಇರಬೇಕು ಅಂತ ಸರ್ಕಾರ ಕಡ್ಡಾಯ ಮಾಡಲಿ. ಇವಿಲ್ಲದ ಕಂಪನಿಗೆ ಉದ್ಯೋಗ ಮೇಳದಲ್ಲಿ ಟೇಬಲ್ ಕೊಡಬೇಡಿ. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿಯ ಕಾಲೇಜುಗಳು ಇಂಥ ಕಂಪನಿಗಳನ್ನು ಕ್ಯಾಂಪಸ್‌ಗೆ ಬಿಟ್ಟುಕೊಳ್ಳಬೇಡಿ.

ಕಾನೂನು ಬರುವತನಕ ನಮ್ಮ ಕೈಯಲ್ಲೂ ಒಂದು ಕೆಲಸವಿದೆ. ಜಾಹೀರಾತಿನಲ್ಲಿರುವ ನಂಬರಿಗೆ ಫೋನ್ ಹಚ್ಚಿ ಪಗಾರ ಕೇಳಿ. ಹೇಳಿದ್ದನ್ನು ಮೆಸೇಜ್‌ನಲ್ಲಿ ಬರೆದು ಕಳಿಸಲು ಹೇಳಿ. ಹೇಳದಿದ್ದರೆ ಹೋಗಬೇಡಿ. ಪಗಾರವಿಲ್ಲದ ಜಾಹೀರಾತನ್ನು ಇನ್ನೊಂದು ಗ್ರೂಪಿಗೆ ಫಾರ್ವರ್ಡ್ ಕೂಡ ಮಾಡಬೇಡಿ. ಯಾರಾದರೂ ಹಾಕಿದರೆ ಕೆಳಗೆ ಒಂದೇ ಸಾಲು ಬರೆಯಿರಿ: 'ಪಗಾರ ಎಷ್ಟರೀ?'