ಕತ್ತಲು ಹಕ್ಕಿಯ ಮನೆ, ಅಲ್ಲಿಗೆ ಟಾರ್ಚ್ ಹಿಡಿದು ನುಗ್ಗಬೇಡಿ

ಚಳಿಗಾಲದ ಶನಿವಾರ, ಭಾನುವಾರ ಬೆಳಗಿನ ಜಾವ ಹುಣಸಮಾರನಹಳ್ಳಿಯಲ್ಲಿ ಬಳ್ಳಾರಿ ರಸ್ತೆ ಪಕ್ಕ ಟೀ ಕುಡಿಯುತ್ತಾ ನಿಂತರೆ ನಂದಿ ಬೆಟ್ಟದ ಕಡೆ ಹೋಗುವ ಬೈಕು, ಕಾರುಗಳ ಸಾಲು ಕಾಣುತ್ತದೆ. ಹೆಚ್ಚಿನವರು ಸೂರ್ಯೋದಯ ನೋಡಲು ಹೊರಟವರು. ಕೆಲವರ ಹೆಗಲಲ್ಲಿ ಮಾತ್ರ ಮೊಳದುದ್ದದ ಲೆನ್ಸ್ ಇರುತ್ತದೆ. ಅವರು ಹಕ್ಕಿಗಾಗಿ ಹೋಗುವವರು. ನಮ್ಮ ತಕರಾರು ಇರುವುದು ಅವರಲ್ಲಿ ಕೆಲವರ ಮೇಲೆ, ಅವರಿಗೆ ಜಾಗ ತೋರಿಸುವ ನಮ್ಮೂರುಗಳ ಹುಡುಗರ ಮೇಲೆ, ಆ ಫೋಟೋ ಸಿಕ್ಕಿದ ಕೂಡಲೇ ಹಾಕಿಕೊಳ್ಳುವ ನಮ್ಮಂಥ ಬರೆಯುವವರ ಮೇಲೆ.

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇವೆ. ಒಂದು ಅಕ್ಟೋಬರ್‌ನಲ್ಲಿ ಹುಣಸಮಾರನಹಳ್ಳಿಯ ಒಬ್ಬರ ಮನೆಯ ಹಿತ್ತಲಿಗೆ ನವರಂಗ ಹಕ್ಕಿ ಬಂದಿದೆ ಎಂದು ಫೋನ್ ಬಂತು. ಉತ್ತರದ ಕಾಡುಗಳಲ್ಲಿ ಮರಿ ಮಾಡಿ, ಚಳಿಗಾಲ ಕಳೆಯಲು ದಕ್ಷಿಣಕ್ಕೆ ಬರುವ ಹಕ್ಕಿ ಅದು. ರಾತ್ರಿ ಹಾರುತ್ತದೆ, ದಣಿದಾಗ ಸಿಕ್ಕ ಹಿತ್ತಲಿಗೆ ಇಳಿಯುತ್ತದೆ. ನಾವು ಹೋದಾಗ ಬಾಳೆ ಬುಡದ ನೆರಳಲ್ಲಿ ತರಗು ಕೆದಕುತ್ತಾ ಹುಳ ಹುಡುಕುತ್ತಿತ್ತು. ಮೋಡ ಮುಸುಕಿದ ಬೆಳಗು, ಫೋನಿನಲ್ಲಿ ಬರೀ ಕಪ್ಪು ಮುದ್ದೆ ಬರುತ್ತಿತ್ತು. ಒಬ್ಬರು ಈ ಕಡೆಯಿಂದ, ಒಬ್ಬರು ಆ ಕಡೆಯಿಂದ ಟಾರ್ಚ್ ಬಿಟ್ಟೆವು. ಹಕ್ಕಿ ಗಾಬರಿಯಾಗಿ ಗೋಡೆಗೆ ಬಡಿದು, ಎದ್ದು ಹಾರಿಹೋಯಿತು. ಫೋಟೋಗೆ ಲೈಕು ಚೆನ್ನಾಗಿ ಬಂತು. ಮನೆಯ ಅಜ್ಜಿ ಮಾತ್ರ, "ಪಾಪ, ಹೊಟ್ಟೆಗೆ ತಿನ್ನೋಕೆ ಬಂದಿತ್ತು, ಓಡಿಸಿಬಿಟ್ರಲ್ಲಪ್ಪ" ಅಂದರು. ಪತ್ರಿಕೋದ್ಯಮ ಓದಿದ ನಮಗೆ ಹೊಳೆಯದ್ದು ಅವರಿಗೆ ಹೊಳೆದಿತ್ತು.

ಈಗ ವಿಷಯಕ್ಕೆ ಬರೋಣ. ನಾಚಿಕೆಯ ಹಕ್ಕಿಗಳು ಕತ್ತಲಲ್ಲಿ ಇರುವುದು ನಮ್ಮನ್ನು ಸತಾಯಿಸಲು ಅಲ್ಲ. ಅವುಗಳ ಊಟ ಅಲ್ಲಿದೆ, ರಕ್ಷಣೆ ಅಲ್ಲಿದೆ. ನಂದಿ ಬೆಟ್ಟದ ಮೇಲಿನ ತೋಪುಗಳಿಗೆ ಚಳಿಗಾಲದಲ್ಲಿ ಹಿಮಾಲಯದಿಂದ ಇಂಡಿಯನ್ ಬ್ಲೂ ರಾಬಿನ್ ಬರುತ್ತದೆ. ಪಶ್ಚಿಮ ಘಟ್ಟದ ನೀಲಗಿರಿ ಕಾಡು ಪಾರಿವಾಳ ಘಟ್ಟದಿಂದ ಇಷ್ಟು ದೂರದ ಈ 1,478 ಮೀಟರ್ ಎತ್ತರದ ಬೆಟ್ಟದಲ್ಲೂ ಉಳಿದುಕೊಂಡಿದೆ. ಮಂಜು, ಮರದ ನೆರಳು, ತರಗೆಲೆ ಇರುವುದರಿಂದಲೇ ಅವು ಇಲ್ಲಿವೆ.

ಆ ನೆರಳಲ್ಲಿ ಕ್ಯಾಮೆರಾ ಕಷ್ಟಪಡುವುದು ನಿಜ. ಬಯಲಿನ ಬಿಸಿಲಲ್ಲಿ ಐಎಸ್‌ಒ 100, ಎಫ್ 5.6 ಇಟ್ಟರೆ ಶಟರ್ 1/800 ಸೆಕೆಂಡ್ ತೆರೆದರೆ ಸಾಕು. ದಟ್ಟ ಮಳೆಕಾಡಿನ ನೆಲಕ್ಕೆ ಇಳಿಯುವುದು ಮೇಲಿನ ಬಿಸಿಲಿನಲ್ಲಿ ನೂರಕ್ಕೆ ಒಂದೆರಡು ಪಾಲು. ನೂರಕ್ಕೆ ಒಂದು ಪಾಲು ಎಂದರೆ ಅದೇ ಶಟರ್ 1/8 ಸೆಕೆಂಡ್ ತೆರೆದಿರಬೇಕು. ಅಷ್ಟರಲ್ಲಿ ಹಕ್ಕಿ ಬಾಲ ಕುಣಿಸಿದರೂ ಚಿತ್ರ ಕಲಸಿಹೋಗುತ್ತದೆ.

ಹಿಂದಿನವರಿಗೆ ಇದಕ್ಕೆ ದಾರಿ ಇರಲಿಲ್ಲ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಹಕ್ಕಿ ಚಿತ್ರ ತೆಗೆದದ್ದು ಫಿಲ್ಮ್ ಕಾಲದಲ್ಲಿ. ಆಗ ಹೆಸರಾಗಿದ್ದ ಒಂದು ಕಲರ್ ಫಿಲ್ಮ್‌ನ ವೇಗ ಬರೀ 64. ರೋಲಿಗೆ 36 ಚಿತ್ರ. ಹಾಗಾಗಿ ಆ ಕಾಲದಲ್ಲಿ ಗೂಡಿನ ಹತ್ತಿರ ಮರೆ ಕಟ್ಟಿ ಕೂರುವುದು, ಫ್ಲ್ಯಾಶ್ ಬಳಸುವುದು ರೂಢಿಯಾಗಿತ್ತು.

ಇವತ್ತಿನ ಮಧ್ಯಮ ದರ್ಜೆಯ ಕ್ಯಾಮೆರಾ ಕೂಡ ಐಎಸ್‌ಒ 6400ರಲ್ಲಿ ನೋಡುವಂಥ ಚಿತ್ರ ಕೊಡುತ್ತದೆ. 64ಕ್ಕೂ 6400ಕ್ಕೂ ನೂರು ಪಟ್ಟು ವ್ಯತ್ಯಾಸ. ಮೇಲೆ ಹೇಳಿದ 1/8 ಸೆಕೆಂಡು ಈಗ ಸುಮಾರು 1/500 ಆಗುತ್ತದೆ. ಕಾಳು ಕಾಳಾಗಿ ಕಾಣುವುದನ್ನು ತಿದ್ದುವ ಸಾಫ್ಟ್‌ವೇರ್ ಬಂದಿದೆ. ಹಳಬರ ಕಷ್ಟ ನಮಗಿಲ್ಲ. ಆದರೂ ಅವರಿಗಿಂತ ಹೆಚ್ಚು ಕಾಟ ಕೊಡುತ್ತಿದ್ದೇವೆ. ಕಾರಣ ಕತ್ತಲಲ್ಲ, ನಮ್ಮ ಅವಸರ. ಒಂದೇ ಬೆಳಗ್ಗೆ ಹೋಗಿ, ಹತ್ತು ಗಂಟೆಗೆ ತಿಂಡಿ ತಿಂದು, ಸಂಜೆಯೊಳಗೆ ಫೋಟೋ ಹಾಕಬೇಕು.

ಆ ಅವಸರಕ್ಕೆ ಹುಟ್ಟಿದ ಆಟಗಳನ್ನು ನೋಡಿ. ಫೋನಿನಲ್ಲಿ ಹಕ್ಕಿಯ ಕೂಗು ಹಾಕುತ್ತಾರೆ. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತೆಂದು ಹಕ್ಕಿ ಮೇವು ಬಿಟ್ಟು ಜಗಳಕ್ಕೆ ಬರುತ್ತದೆ. ಒಂದು ಗುಂಪು ಹೋದಮೇಲೆ ಇನ್ನೊಂದು ಗುಂಪು, ಮತ್ತೆ ಅದೇ ಕೂಗು. ಇಲ್ಲದ ಶತ್ರುವಿನ ಜೊತೆ ಅದು ದಿನವಿಡೀ ಹೋರಾಡುತ್ತದೆ. ಇನ್ನು ಕೆಲವರು ಡಬ್ಬಿಯಲ್ಲಿ ಹುಳ ತಂದು ಕೊಂಬೆಯ ಮೇಲೆ ಇಡುತ್ತಾರೆ. ಮನುಷ್ಯರಿಗೆ ಹೆದರಬೇಕಾದ ಹಕ್ಕಿಗೆ ಮನುಷ್ಯರ ಹತ್ತಿರ ಬರುವುದನ್ನು ಕಲಿಸುತ್ತಾರೆ. ಗೂಡಿನದ್ದು ಎಲ್ಲಕ್ಕಿಂತ ಕೆಟ್ಟದ್ದು. ಬೆಳಕು ಬೀಳಲಿ ಎಂದು ಮುಂದಿನ ಎಲೆ, ಕಡ್ಡಿ ಕತ್ತರಿಸುತ್ತಾರೆ. ಫೋಟೋಗೆ ಬೆಳಕು ಬಿದ್ದ ಕಿಂಡಿಯಲ್ಲೇ ಕಾಗೆಯ ಕಣ್ಣೂ ಬೀಳುತ್ತದೆ, ಮಧ್ಯಾಹ್ನದ ಬಿಸಿಲೂ ಬೀಳುತ್ತದೆ.

ಕಾನೂನು ಏನು ಹೇಳುತ್ತದೆ ಗೊತ್ತೇ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2ನೇ ಸೆಕ್ಷನ್‌ನಲ್ಲಿ ಬೇಟೆ ಎಂದರೆ ಏನೆಂದು ಬರೆದಿದೆ. ಕೊಲ್ಲುವುದು, ಹಿಡಿಯುವುದು ಮಾತ್ರವಲ್ಲ, ಕಾಡುಹಕ್ಕಿಯ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಅದರಲ್ಲಿ ಸೇರಿದೆ. ಅಂದರೆ ಕೋವಿ ಹಿಡಿದವನೂ, ಗೂಡಿನ ಮುಂದಿನ ಎಲೆ ಕತ್ತರಿಸಿ ಕ್ಯಾಮೆರಾ ಹಿಡಿದವನೂ ಒಂದೇ ಪದದ ಕೆಳಗೆ ಬರಬಹುದು. ಮೊಲ ಹಿಡಿದ ಊರ ಹುಡುಗನ ಮೇಲೆ ಕೇಸು ಬಿದ್ದದ್ದು ಕೇಳಿದ್ದೇವೆ. ಗೂಡು ಕೆದಕಿದ ಲೆನ್ಸಿನವರ ಮೇಲೆ ಬಿದ್ದದ್ದು ನಾವಂತೂ ಕೇಳಿಲ್ಲ.

ಇದಕ್ಕೆ ಬರುವ ಉತ್ತರಗಳೂ ನಮಗೆ ಗೊತ್ತು. "ಒಳ್ಳೆ ಫೋಟೋ ನೋಡಿದರೆ ತಾನೇ ಜನಕ್ಕೆ ಹಕ್ಕಿ ಮೇಲೆ ಪ್ರೀತಿ ಬರೋದು?" ನಿಜ, ನಮಗೂ ಪ್ರೀತಿ ಬಂದದ್ದು ಫೋಟೋ ನೋಡಿಯೇ. ಆದರೆ ಆ ಹಕ್ಕಿ ನೆರಳಲ್ಲಿ ಇರುವುದನ್ನು ನೆರಳಿನಂತೆಯೇ ತೋರಿಸಿದರೆ ಪ್ರೀತಿ ಕಡಿಮೆಯಾಗುತ್ತದೆಯೇ? ಮದುವೆ ಮನೆಯ ಲೈಟು ಬಿಟ್ಟಂತೆ ಕಾಣುವ ಕಾಡು ಕಾಡೇ ಅಲ್ಲ.

"ಲೇಔಟು, ರಸ್ತೆ, ಕಳೆನಾಶಕ ಹಕ್ಕಿಗಳನ್ನು ಮುಗಿಸುತ್ತಿವೆ, ನೀವು ಕ್ಯಾಮೆರಾದವರ ಹಿಂದೆ ಬಿದ್ದಿದ್ದೀರಿ" ಎನ್ನುವವರಿದ್ದಾರೆ. ಒಪ್ಪುತ್ತೇವೆ, ಅದು ಇದಕ್ಕಿಂತ ದೊಡ್ಡ ಹಾನಿ. ಹಾಗಿದ್ದ ಮೇಲೆ ಉಳಿದಿರುವ ನಾಲ್ಕು ಮರದ ನೆರಳಲ್ಲಾದರೂ ಅವು ನೆಮ್ಮದಿಯಾಗಿ ತಿನ್ನಲಿ.

ಮೂರನೆಯದು ನಮ್ಮ ಹುಡುಗರದು: "ಜಾಗ ತೋರಿಸಿದರೆ ದುಡ್ಡು ಸಿಗುತ್ತೆ ಸಾರ್." ಇದು ಹೊಟ್ಟೆಯ ಪ್ರಶ್ನೆ, ತಳ್ಳಿಹಾಕುವಂತಿಲ್ಲ. ಉತ್ತರ ಕನ್ನಡದ ಗಣೇಶಗುಡಿಗೆ ಹೋಗಿ ನೋಡಿ. ಅಲ್ಲಿನ ಓಲ್ಡ್ ಮ್ಯಾಗಜಿನ್ ಹೌಸ್‌ನಲ್ಲಿ ಮರದ ಕೆಳಗೆ ನೀರಿನ ತೊಟ್ಟಿಗಳನ್ನು ಇಟ್ಟಿದ್ದಾರೆ. ಹಕ್ಕಿಗಳು ತಾವಾಗಿ ಬಂದು ನೀರು ಕುಡಿದು, ಮಿಂದು ಹೋಗುತ್ತವೆ. ಜನ ದೂರದಲ್ಲಿ ಕೂತು ಫೋಟೋ ತೆಗೆಯುತ್ತಾರೆ, ಅದಕ್ಕಾಗಿಯೇ ದೂರದ ಊರುಗಳಿಂದ ಬರುತ್ತಾರೆ. ತೊಟ್ಟಿ ದಿನಾ ತೊಳೆಯಬೇಕು, ಕೂರುವ ದೂರ ಕಾಯಬೇಕು, ಅಷ್ಟೇ. ನಿಮ್ಮ ತೋಟದ ಮೂಲೆಯಲ್ಲೂ ಇದು ಆಗುತ್ತದೆ. ಗೂಡು ತೋರಿಸಿ ಸಿಗುವ ದುಡ್ಡು ಮರಿ ಹಾರುವವರೆಗೆ, ಇಲ್ಲವೇ ಸಾಯುವವರೆಗೆ. ನೀರು ಇಟ್ಟ ಜಾಗಕ್ಕೆ ಹಕ್ಕಿ ಪ್ರತಿವರ್ಷ ಬರುತ್ತದೆ.

ಕ್ಯಾಮೆರಾ ಇರುವವರಿಗೆ ಒಂದೆರಡು ಮಾತು. ಲೆನ್ಸ್ ಪೂರ್ತಿ ತೆರೆಯಿರಿ, ಐಎಸ್‌ಒ ಏರಿಸಲು ಹೆದರಬೇಡಿ. ರಾಗಿ ತುಂಬಿದ ಸಣ್ಣ ಚೀಲದ ಮೇಲೆ ಲೆನ್ಸ್ ಊರಿ, ನೆಲಕ್ಕೆ ಕೂತು ಅರ್ಧ ಗಂಟೆ ಅಲುಗಾಡಬೇಡಿ. ನೆಲದ ಹಕ್ಕಿ ನಾಲ್ಕು ಹೆಜ್ಜೆ ಕುಪ್ಪಳಿಸಿ ಒಂದು ಕ್ಷಣ ನಿಲ್ಲುತ್ತದೆ. ಆ ಕ್ಷಣದಲ್ಲಿ 1/60 ಸೆಕೆಂಡಿಗೂ ಚಿತ್ರ ಸಿಗುತ್ತದೆ. ಬರೀ ಫೋನ್ ಇದ್ದರೆ ಟಾರ್ಚ್ ಆರಿಸಿ, ಕೂಗು ರೆಕಾರ್ಡ್ ಮಾಡಿಕೊಳ್ಳಿ. ಯಾವ ಹಕ್ಕಿ ಎಂದು ತಿಳಿಯಲು ಎಷ್ಟೋ ಸಲ ಅದೇ ಸಾಕು. ಚಿತ್ರ ಹಾಕುವಾಗ ಊರಿನ ಹೆಸರು ಹಾಕಿ, ಮರದ ಲೊಕೇಶನ್ ಹಾಕಬೇಡಿ.

ನಮ್ಮ ಪಾಲಿನದು ಇಷ್ಟು. ಗೂಡಿನ, ಮೊಟ್ಟೆಯ, ಟಾರ್ಚ್ ಬಿಟ್ಟು ತೆಗೆದ ಫೋಟೋ ಯಾರೇ ಕಳಿಸಿದರೂ, ಎಷ್ಟೇ ಚೆನ್ನಾಗಿದ್ದರೂ ಇನ್ನು ಮುಂದೆ ನಾವು ಹಾಕುವುದಿಲ್ಲ. ಆ ನವರಂಗದ ಚಿತ್ರವನ್ನು ತೆಗೆದುಹಾಕಿದ್ದೇವೆ. ಮಬ್ಬಾದರೂ ಪರವಾಗಿಲ್ಲ, ಹಕ್ಕಿ ತನ್ನ ಕೆಲಸ ಮಾಡಿಕೊಂಡಿರುವ ಚಿತ್ರ ಕಳಿಸಿ, ಸಂತೋಷದಿಂದ ಹಾಕುತ್ತೇವೆ.

ಈ ಸಲ ಅಕ್ಟೋಬರ್‌ನಲ್ಲಿ ನಿಮ್ಮ ಹಿತ್ತಲಿಗೆ ನವರಂಗ ಇಳಿದರೆ ನಾಯಿ ಕಟ್ಟಿಹಾಕಿ, ಬೆಕ್ಕು ಒಳಗೆ ಕೂಡಿ, ಮಕ್ಕಳಿಗೆ ಕಿಟಕಿಯಿಂದ ತೋರಿಸಿ. ನಮಗೆ ಫೋನ್ ಮಾಡುವುದಾದರೆ ಅದು ಹೊಟ್ಟೆ ತುಂಬಿಸಿಕೊಂಡು ಹೊರಟ ಮೇಲೆ ಮಾಡಿ.